ಮದುವೆಯಾದ ಮೇಲೆ ಇನಿಷಿಯಲ್ ಯಾರದು?

ಅಡ್ಡಹೆಸರೇ ಇಲ್ಲದ ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೂ ಈ ಪ್ರಶ್ನೆ ಬಂದು ತಲುಪಿದೆ. ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕೆಂದು ಕಾನೂನು ಕೇಳುವುದಿಲ್ಲ. ಅರ್ಜಿ ನಮೂನೆ ಸುಮ್ಮನೆ ಬಿಡುವುದಿಲ್ಲ. ಇವೆರಡರ ನಡುವೆ ಕೈತಪ್ಪಿ ಹೋಗುತ್ತಿರುವುದು ತವರಿನಲ್ಲಿ ಅವಳಿಗಿರುವ ಹಕ್ಕು.

ಫಾಲ್ಗುಣದ ಬಿಸಿಲಿನಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥ ಕದಲುವ ಹೊತ್ತಿಗೆ ಹರಕೆಯ ಕೊಬ್ಬರಿ ಸುಟ್ಟ ಹೊಗೆ ಬೀದಿಯ ಮೇಲೆಲ್ಲ ಕವಿದಿರುತ್ತದೆ. ಚಳ್ಳಕೆರೆ, ಮೊಳಕಾಲ್ಮುರು, ಕೂಡ್ಲಿಗಿ, ರಾಯದುರ್ಗದ ಕಡೆಯಿಂದ ಬಂದ ಜನ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಾರೆ. ಆ ಸಂದಣಿಯಲ್ಲಿ ಯಾರಾದರೂ ‘ತಿಪ್ಪಕ್ಕಾ’ ಎಂದು ಕೂಗಿದರೆ ಹತ್ತಾರು ಹೆಂಗಸರು ಒಮ್ಮೆಗೇ ತಿರುಗಿ ನೋಡುತ್ತಾರೆ.

ಈ ಸೀಮೆಯ ಹೆಸರುಗಳು ಬಹುಪಾಲು ಈ ನೆಲದ ದೇವರುಗಳಿಂದಲೇ ಬಂದವು. ತಿಪ್ಪೇಸ್ವಾಮಿ, ತಿಪ್ಪಮ್ಮ ನಾಯಕನಹಟ್ಟಿಯ ಒಕ್ಕಲಾದರೆ, ಗೌರಸಮುದ್ರದ ಮಾರಮ್ಮನಿಂದ ಮಾರಣ್ಣ, ಮಾರಕ್ಕ, ಓಬಳದೇವರಿಂದ ಓಬಯ್ಯ, ಓಬಮ್ಮ, ಗಾದ್ರಿಪಾಲನಾಯಕನಿಂದ ಪಾಲಯ್ಯ, ಪಾಲಮ್ಮ, ಕಾಡುಗೊಲ್ಲರ ಕ್ಯಾತೇದೇವರಿಂದ ಕ್ಯಾತಪ್ಪ, ಕ್ಯಾತಮ್ಮ ಹುಟ್ಟಿಕೊಳ್ಳುತ್ತಾರೆ. ಒಂದೇ ಹಟ್ಟಿಯಲ್ಲಿ ನಾಲ್ವರು ಓಬಮ್ಮಂದಿರಿರುವುದು ಇಲ್ಲಿ ಸಹಜವಾದ್ದರಿಂದ, ಯಾವ ಓಬಮ್ಮ ಎಂಬ ಪ್ರಶ್ನೆಗೆ ಉತ್ತರವನ್ನು ಹೆಸರಿನ ಹೊರಗೆ ಹುಡುಕಬೇಕಾಗುತ್ತದೆ.

ಬೇರೆ ಸೀಮೆಗಳಲ್ಲಿ ಆ ಉತ್ತರವನ್ನು ಅಡ್ಡಹೆಸರು, ಅಂದರೆ ತಲೆಮಾರಿನಿಂದ ತಲೆಮಾರಿಗೆ ಸಾಗಿಬರುವ ಮನೆತನದ ಹೆಸರು, ಕೊಡುತ್ತದೆ. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಬಹುತೇಕ ಕುಟುಂಬಗಳಿಗೆ ಅಂಥದ್ದೊಂದಿಲ್ಲ. ಇಲ್ಲಿರುವುದು ತಂದೆಯ ಹೆಸರಿನ ಮೊದಲಕ್ಷರವಾದ ಇನಿಷಿಯಲ್, ಕೆಲವೊಮ್ಮೆ ಅದರ ಹಿಂದೆ ಊರಿನ ಮೊದಲಕ್ಷರ, ಮತ್ತು ಕಾಗದದ ಮೇಲೆ ಎಲ್ಲೂ ಕಾಣದ ಬೆಡಗು.

ಬೆಡಗು ಎಂದರೆ ಒಂದೇ ಮೂಲದಿಂದ ಬಂದವರೆಂದು ನಂಬುವ ಕುಲದ ಕವಲು. ಚಿತ್ರದುರ್ಗದ ಪಾಳೆಯಗಾರರು ಕಾಮಗೇತಿ ವಂಶದವರೆಂದು ಚರಿತ್ರೆ ಹೇಳುವಾಗ ಸೂಚಿಸುವುದು ಇಂಥದೇ ಕವಲನ್ನು. ಮ್ಯಾಸನಾಯಕರಲ್ಲಿ, ಕಾಡುಗೊಲ್ಲರಲ್ಲಿ, ಕುರುಬರಲ್ಲಿ ಒಂದೇ ಬೆಡಗಿನವರು ಅಣ್ಣತಮ್ಮಂದಿರಾಗುವುದರಿಂದ ಅವರೊಳಗೆ ಮದುವೆ ಕೂಡದು. ಹೆಣ್ಣು ಕೊಡುವುದು, ತರುವುದು ನೆಂಟರ ಬೆಡಗಿನ ಜೊತೆಗೆ ಮಾತ್ರ. ಸೋದರಮಾವನಿಗೋ ಅವನ ಮಗನಿಗೋ ಹೆಣ್ಣು ಕೊಡುವ ರೂಢಿಯೂ ಇರುವಲ್ಲಿ, ತಾಯಿ ಯಾವ ಬೆಡಗಿನಿಂದ ಬಂದವಳೆಂಬುದನ್ನು ಮರೆತರೆ ಮಕ್ಕಳ ಮದುವೆಯ ಮಾತುಕತೆಯೇ ಮುಂದೆ ಸಾಗದು. ಹೀಗೆ ಬಾಯಿಮಾತಿನ ಲೋಕದಲ್ಲಿ ಹೆಣ್ಣಿನ ತವರು ಮದುವೆಯ ನಂತರವೂ ಉಳಿಯಿತು, ಉಳಿಯಲೇಬೇಕಾಗಿತ್ತು.

ಅದು ಅಳಿಸಿಹೋಗಲು ಆರಂಭವಾದದ್ದು ಕಾಗದದ ಮೇಲೆ.

ಬಿನ್ ಮತ್ತು ಕೋಂ

ಹಳೆಯ ಮೈಸೂರು ಸೀಮೆಯ ಕಂದಾಯ ದಾಖಲೆ ಓದಿದವರಿಗೆ ಎರಡು ಚುಟುಕು ಪದಗಳ ಪರಿಚಯವಿರುತ್ತದೆ. ‘ಬಿನ್’ ಎಂದರೆ ಇಂಥವರ ಮಗ. ‘ಕೋಂ’ ಎಂದರೆ ಇಂಥವರ ಹೆಂಡತಿ. ಬೋರಯ್ಯ ಬಿನ್ ಪಾಲಯ್ಯ ಎಂದು ಬರೆಸಿಕೊಂಡ ಗಂಡಸು ಸಾಯುವವರೆಗೂ ಪಾಲಯ್ಯನ ಮಗನಾಗಿಯೇ ಉಳಿಯುತ್ತಾನೆ. ಅವನ ತಂಗಿ ಮದುವೆಯಾದ ಮರುದಿನದಿಂದ ಓಬಮ್ಮ ಕೋಂ ತಿಪ್ಪೇಸ್ವಾಮಿ ಆಗುತ್ತಾಳೆ. ಆ ಸಾಲಿನಲ್ಲಿ ಪಾಲಯ್ಯನಿಗೆ ಜಾಗವಿಲ್ಲ. ಈ ಬದಲಾವಣೆಗೆ ಅವಳು ಅರ್ಜಿ ಹಾಕಿರುವುದಿಲ್ಲ, ರುಜುವನ್ನೂ ಮಾಡಿರುವುದಿಲ್ಲ.

ಇದರೊಳಗಿನ ನೋವು ಇನ್ನೊಂದು ರೂಢಿಯನ್ನು ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. ಹಿಂದಿನ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆ, ಸೀಮಂತದ ಹೊತ್ತಿನಲ್ಲಿ ನೆರೆದವರು ಒತ್ತಾಯಿಸಿದಾಗ ಮಾತ್ರ ಒಡಪಿನೊಳಗೆ, ಅಂದರೆ ಪ್ರಾಸ ಕಟ್ಟಿದ ಪುಟ್ಟ ಪದ್ಯದೊಳಗೆ, ಅದನ್ನು ಹುದುಗಿಸಿ ಹೇಳುತ್ತಿದ್ದರು. ನಾಡಕಚೇರಿಯಲ್ಲಿ ‘ಗಂಡನ ಹೆಸರು ಹೇಳಮ್ಮ’ ಎಂದು ಕೇಳಿದರೆ ಪಕ್ಕದವಳ ಕಡೆ ತಿರುಗಿ ಅವಳ ಬಾಯಿಂದ ಹೇಳಿಸುವ ವೃದ್ಧೆಯರು ಈಗಲೂ ಇದ್ದಾರೆ. ತಾನು ಉಚ್ಚರಿಸಬಾರದ ಹೆಸರನ್ನೇ ತನ್ನ ಹೆಸರಿನ ಭಾಗವಾಗಿ ಹೊತ್ತು ಬಾಳಬೇಕಾದ ಸ್ಥಿತಿ ಅದು.

ಸ್ವತಂತ್ರ ಭಾರತದ ಮೊದಲ ಮಹಾ ಚುನಾವಣೆಯ ಹೊತ್ತಿಗೆ ಈ ರೂಢಿ ದೇಶದ ಮಟ್ಟದ ಸಮಸ್ಯೆಯಾಗಿ ಎದುರಾಯಿತು.

ಚೌಕಟ್ಟು: ಹೆಸರಿಲ್ಲದ 28 ಲಕ್ಷ ಮತದಾರರು
1951-52ರ ಚುನಾವಣೆಗೆ ಮತದಾರರ ಪಟ್ಟಿ ತಯಾರಿಸುವಾಗ, ಮುಖ್ಯವಾಗಿ ಉತ್ತರ ಮತ್ತು ಮಧ್ಯ ಭಾರತದಲ್ಲಿ, ಅಸಂಖ್ಯ ಹೆಂಗಸರು ಸ್ವಂತ ಹೆಸರು ಕೊಡದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ನೋಂದಣಿ ಇಲ್ಲ ಎಂದು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಸುಮಾರು 8 ಕೋಟಿ ಮಹಿಳಾ ಮತದಾರರ ಪೈಕಿ ಹತ್ತಿರ ಹತ್ತಿರ 28 ಲಕ್ಷ ಮಂದಿ ಪಟ್ಟಿಯಿಂದ ಹೊರಗುಳಿದರು. ಆ ಬಿಗುವೇ ಮುಂದಿನ ಚುನಾವಣೆಗಳಿಗೆ ಹೆಂಗಸರ ಸ್ವಂತ ಹೆಸರನ್ನು ಪಟ್ಟಿಗೆ ತಂದಿತು.

ಬಂಡೆಯ ಮೇಲಿನ ಹೆಸರು, ವಚನದ ಹೆಸರು

ಹೆಣ್ಣನ್ನು ಸಂಬಂಧದಿಂದ ಗುರುತಿಸುವುದು ಇಂಗ್ಲಿಷರು ತಂದ ಹೊಸ ಪದ್ಧತಿಯೇನಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಕಿರುಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಈ ಬಂಡೆಬರಹಗಳು ತಂದೆತಾಯಿಯ ಮಾತು ಕೇಳಬೇಕೆಂದು ಬೋಧಿಸುತ್ತವೆ. ಅದೇ ಅಶೋಕನ ಶಾಸನಗಳಲ್ಲಿ ಹೆಸರಿನೊಂದಿಗೆ ಕಾಣಿಸಿಕೊಳ್ಳುವ ರಾಣಿ ಒಬ್ಬಳೇ, ಅಲಹಾಬಾದ್ ಕಂಬದ ಮೇಲಿನ ಕಾರುವಾಕಿ. ಅವಳಿಗೂ ಸಿಕ್ಕಿರುವ ವಿಶೇಷಣ ಎರಡನೆಯ ರಾಣಿ ಮತ್ತು ತೀವರನ ತಾಯಿ ಎಂಬುದು. ದಾನ ಕೊಟ್ಟವಳು ತಾನೆಂಬುದು ದಾಖಲಾಗಲಿ ಎಂದು ಆ ಶಾಸನ ಬರೆಸಿದ್ದರೂ, ಅವಳ ಹೆಸರಿಗೆ ಗಂಡನೂ ಮಗನೂ ಆಧಾರವಾಗಿ ನಿಲ್ಲಬೇಕಾಯಿತು.

ಕನ್ನಡದ್ದೇ ಪರಂಪರೆಯಲ್ಲಿ ಇದಕ್ಕೆ ಬೇರೆಯದೊಂದು ಮಾದರಿ ಸಿಗುವುದು ಹನ್ನೆರಡನೆಯ ಶತಮಾನದ ಶರಣೆಯರಲ್ಲಿ. ಕೊಟ್ಟಣ ಕುಟ್ಟುವ ಸೋಮಮ್ಮ ಕೊಟ್ಟಣದ ಸೋಮಮ್ಮಳಾದಳು; ನೂಲುವ ರೆಮ್ಮವ್ವೆಯ ಹೆಸರಿನ ಮುಂದೆ ಕದಿರು ಸೇರಿತು; ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯುವ ಕಾಯಕದಿಂದ ಆಯ್ದಕ್ಕಿ ಲಕ್ಕಮ್ಮನ ಹೆಸರು ನಿಂತಿತು. ಅದೇ ಕಾಲದ ಕೆಲವರನ್ನು ಇಂಥ ಶರಣರ ಪುಣ್ಯಸ್ತ್ರೀ ಎಂದೇ ಸಂಪ್ರದಾಯ ಕರೆಯಿತಾದರೂ, ಹೆಣ್ಣಿನ ದುಡಿಮೆಯೇ ಅವಳ ಗುರುತಾಗಬಹುದೆಂದು ಆ ಚಳವಳಿ ತೋರಿಸಿತು ಎಂಬುದು ಸಣ್ಣ ಮಾತಲ್ಲ.

ಚಿತ್ರದುರ್ಗದ ಓಬವ್ವನ ಹೆಸರೂ ಇದೇ ಜಾಡಿನದು. ಕೋಟೆಯ ಕಾವಲಿನ ಕಹಳೆ ಮುದ್ದಹನುಮಪ್ಪನ ಹೆಂಡತಿಯೆಂದು ಅವಳ ಕಥೆ ಆರಂಭವಾಗುತ್ತದೆ. ಆದರೆ ಹೈದರಾಲಿಯ ಸೈನಿಕರನ್ನು ಕಿಂಡಿಯ ಬಳಿ ಎದುರಿಸಿದ ಮೇಲೆ ಜನ ಅವಳ ಹೆಸರಿನ ಮುಂದೆ ಇರಿಸಿದ್ದು ಕೈಯಲ್ಲಿದ್ದ ಒನಕೆಯನ್ನು. ನವೆಂಬರ್ 11ರಂದು ರಾಜ್ಯ ಸರ್ಕಾರ ಆಚರಿಸುವ ಜಯಂತಿಯೂ ಒನಕೆ ಓಬವ್ವನ ಹೆಸರಿನಲ್ಲೇ ನಡೆಯುತ್ತದೆ. ಜಿಲ್ಲೆಯ ಅತಿ ದೊಡ್ಡ ಹೆಣ್ಣು ಹೆಸರಿನಲ್ಲಿ ತಂದೆಯ ಅಕ್ಷರವೂ ಇಲ್ಲ, ಗಂಡನದೂ ಇಲ್ಲ.

ಆಧುನಿಕ ಕನ್ನಡ ಸಾಹಿತ್ಯಕ್ಕೆ ಬಂದರೆ ಚಿತ್ರ ಇನ್ನಷ್ಟು ಸಂಕೀರ್ಣವಾಗುತ್ತದೆ. 1939ರಲ್ಲಿ ಇಪ್ಪತ್ತೇಳರ ಹರೆಯದಲ್ಲೇ ತೀರಿಕೊಂಡ ಕಥೆಗಾರ್ತಿ ಬರೆಯುತ್ತಿದ್ದುದು ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ಅದು ಗಂಡ ಬಿ.ಟಿ. ಗೋಪಾಲಕೃಷ್ಣರ ಹೆಸರಿನಿಂದ ಮಾಡಿಕೊಂಡದ್ದು. ಓದುಗರು ಮುಂದೆ ಅವರನ್ನು ಕೊಡಗಿನ ಗೌರಮ್ಮ ಎಂದು ಉಳಿಸಿಕೊಂಡರು. ವೆಂಕಟಲಕ್ಷ್ಮಿಯಾಗಿ ಹುಟ್ಟಿದವರು ಅನುಪಮಾ ನಿರಂಜನರಾದರು. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇಬ್ಬರ ಎರಡನೆಯ ಹೆಸರೂ ಗಂಡಂದಿರದು. ಅನಸೂಯಾ ಶಂಕರ್ ಮಾತ್ರ ಎರಡನ್ನೂ ಪಕ್ಕಕ್ಕಿಟ್ಟು ತ್ರಿವೇಣಿಯಾದರು. ಈ ಆಯ್ಕೆಗಳಲ್ಲಿ ಯಾವುದನ್ನೂ ಗುಲಾಮಗಿರಿಯೆಂದು ತಳ್ಳಿಹಾಕುವುದು ಆ ಲೇಖಕಿಯರಿಗೆ ಮಾಡುವ ಅನ್ಯಾಯ. ಪ್ರೀತಿಯಿಂದ, ಅರಿತು ಆರಿಸಿಕೊಂಡ ಹೆಸರು ಅವರದೇ ಹೆಸರು.

ತಿಪ್ಪಮ್ಮಂದಿರ ಪ್ರಶ್ನೆ ಬೇರೆಯದು. ಅವರು ಆರಿಸಿಕೊಂಡಿಲ್ಲ.

ನಮೂನೆಯಿಂದ ಹುಟ್ಟಿದ ಅಡ್ಡಹೆಸರು

ಇಷ್ಟು ಕಾಲ ಅಡ್ಡಹೆಸರಿಲ್ಲದೆ ಬದುಕಿದ ಸೀಮೆಗೆ ಅದನ್ನು ತಂದುಕೊಟ್ಟದ್ದು ಅರ್ಜಿ ನಮೂನೆ. ಆದಾಯ ತೆರಿಗೆ ಇಲಾಖೆಯ ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿಗೆ ಮೀಸಲಾದ ಚೌಕಗಳನ್ನು ಖಾಲಿ ಬಿಡುವಂತಿಲ್ಲ, ಅಲ್ಲಿ ಬರಿಯ ಇನಿಷಿಯಲ್ ಬರೆಯುವಂತೆಯೂ ಇಲ್ಲ. ಹೀಗಾಗಿ ಪಿ. ಓಬಮ್ಮ ಎಂದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹುಡುಗಿ ಒಂದು ಕಡೆ ಓಬಮ್ಮ ಪಾಲಯ್ಯ, ಇನ್ನೊಂದು ಕಡೆ ಬರಿಯ ಓಬಮ್ಮ, ಮದುವೆಯ ನಂತರ ತೆರೆದ ಬ್ಯಾಂಕ್ ಖಾತೆಯಲ್ಲಿ ಓಬಮ್ಮ ತಿಪ್ಪೇಸ್ವಾಮಿ ಅಥವಾ ಟಿ. ಓಬಮ್ಮ ಆಗುತ್ತಾಳೆ.

ವಿದೇಶಕ್ಕೆ ಹೋಗುವವರ ಪಾಡು ಇನ್ನೂ ಬಿಗಿ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಪ್ರಕಟಿಸಿದಾಗ, ದಕ್ಷಿಣ ಭಾರತದ ಒಂಟಿ ಹೆಸರಿನವರೆಲ್ಲ ಎರಡನೆಯ ಹೆಸರಿಗಾಗಿ ಹುಡುಕಾಡಬೇಕಾಯಿತು. ಮದುವೆಯಾದ ಹೆಣ್ಣಿಗೆ ಅಂಥ ಹೊತ್ತಿನಲ್ಲಿ ತಟ್ಟನೆ ಸೂಚಿತವಾಗುವುದು ಗಂಡನ ಹೆಸರೇ.

ಇದೇ ಪ್ಯಾನ್ ಅರ್ಜಿಯಲ್ಲಿ ಬಹಳ ಮಂದಿ ಗಮನಿಸದ ಒಂದು ಸೂಚನೆಯಿದೆ: ಮದುವೆಯಾದ ಹೆಣ್ಣು ಕೂಡ ಅಲ್ಲಿ ತಂದೆಯ ಹೆಸರನ್ನೇ ಬರೆಯಬೇಕು, ಗಂಡನದನ್ನಲ್ಲ. (2018ರ ಡಿಸೆಂಬರ್‌ನಿಂದ, ತಾಯಿಯೊಬ್ಬಳೇ ಪೋಷಕಿಯಾಗಿದ್ದರೆ ತಂದೆಯ ಹೆಸರು ಕಡ್ಡಾಯವಲ್ಲ.) ಆಧಾರ್ ಚೀಟಿಯಲ್ಲಿ ಈಗ ‘ಕೇರ್ ಆಫ್’ ಎಂದಷ್ಟೇ ಬರುತ್ತದೆ, ಸಂಬಂಧ ಯಾವುದೆಂದು ಹೇಳುವುದಿಲ್ಲ. ಮತದಾರರ ಗುರುತಿನ ಚೀಟಿಯಲ್ಲಿ ತಂದೆ ಅಥವಾ ಗಂಡ ಇಬ್ಬರಲ್ಲಿ ಒಬ್ಬರು ಇರುವುದೇ ಸಾಮಾನ್ಯ. ಒಂದೇ ಸರ್ಕಾರದ ಮೂರು ಚೀಟಿಗಳು ಒಬ್ಬಳೇ ಹೆಣ್ಣನ್ನು ಮೂರು ಬಗೆಯಲ್ಲಿ ಗುರುತಿಸುತ್ತವೆ.

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ತಿದ್ದಿಸಲು ಅವಕಾಶ. ಮದುವೆಯಾದಾಗ ಗಂಡನ ಹೆಸರು ಸೇರಿಸಿ, ವಿಧವೆಯಾದಾಗಲೋ ಬೇರೆಯಾದಾಗಲೋ ತೆಗೆಸಿದವಳಿಗೆ ಆ ಅವಕಾಶ ಅಲ್ಲಿಗೇ ಮುಗಿಯುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರಬೇಕಾದರೆ ಪಡಿತರ ಚೀಟಿ, ಆಧಾರ್, ಬ್ಯಾಂಕ್ ಖಾತೆ ಮೂರೂ ಹೊಂದಿಕೊಳ್ಳಬೇಕು. ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿಗೆ ಸೇರಿದ ಚಳ್ಳಕೆರೆಯಲ್ಲಿ, ಶೇಂಗಾ ಬೆಳೆ ಕೈಕೊಟ್ಟ ವರ್ಷ ಆ 2,000 ರೂಪಾಯಿಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಒಂದು ಇನಿಷಿಯಲ್‌ನ ವ್ಯತ್ಯಾಸಕ್ಕೆ ಅದು ತಡೆಹಿಡಿಯಲ್ಪಟ್ಟರೆ, ಬಸ್ ಚಾರ್ಜು ಮತ್ತು ಕೂಲಿ ಕಳೆದುಕೊಂಡು ಅಲೆಯಬೇಕಾದವಳು ಅವಳೇ.

ಚೌಕಟ್ಟು: ಕಾನೂನು ಏನು ಹೇಳುತ್ತದೆ?
ಮದುವೆಯ ನಂತರ ಹೆಣ್ಣು ಗಂಡನ ಹೆಸರು ಅಥವಾ ಅಡ್ಡಹೆಸರು ಇರಿಸಿಕೊಳ್ಳಲೇಬೇಕೆಂಬ ಕಾನೂನು ಭಾರತದಲ್ಲಿಲ್ಲ. ವಿವಾಹ ನೋಂದಣಿ ಪ್ರಮಾಣಪತ್ರ ಮದುವೆ ನಡೆದದ್ದಕ್ಕೆ ಸಾಕ್ಷಿಯಾಗುತ್ತದೆಯೇ ಹೊರತು ಹೆಸರನ್ನು ತಾನಾಗಿ ಬದಲಿಸುವುದಿಲ್ಲ. ಪಾಸ್‌ಪೋರ್ಟಿಗೆ ವಿವಾಹ ಪ್ರಮಾಣಪತ್ರ ಬೇಕಿಲ್ಲವೆಂದು 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾಯಿತು. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕಾಗಿಲ್ಲ ಎಂದು 2017ರ ಏಪ್ರಿಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಹೇಳಿದರು. ಬದಲಿಸಿದ ಹೆಸರಿನಿಂದ ಹಿಂದಿರುಗುವುದು ಮಾತ್ರ ಅಷ್ಟು ಸಲೀಸಲ್ಲ: ಕೇಂದ್ರದ ರಾಜ್ಯಪತ್ರದಲ್ಲಿ ತವರಿನ ಹೆಸರಿಗೆ ಮರಳಲು ವಿಚ್ಛೇದನದ ತೀರ್ಪು ಅಥವಾ ಗಂಡನ ಒಪ್ಪಿಗೆ ಪತ್ರ ಬೇಕೆಂಬ ಅಧಿಸೂಚನೆಯನ್ನು 2024ರಲ್ಲಿ ಮಹಿಳೆಯೊಬ್ಬರು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು.

ಜಾತಿ ತಂದೆಯದು, ಚೀಟಿ ಗಂಡನದು

ಚಳ್ಳಕೆರೆ ಮತ್ತು ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಇಂಥ ಕಡೆ ಜಾತಿ ಪ್ರಮಾಣಪತ್ರ ಹೆಣ್ಣಿನ ಬದುಕಿನ ದೊಡ್ಡ ಕಾಗದ. ಜಾತಿ ಹುಟ್ಟಿನಿಂದ ಬರುವುದೆಂದೂ ಮದುವೆಯಿಂದ ಬದಲಾಗದೆಂದೂ ಕಾನೂನು ಒಪ್ಪಿರುವುದರಿಂದ, ಆ ಪತ್ರಕ್ಕೆ ಬೇಕಾಗುವುದು ತಂದೆಯ ಹೆಸರು, ತಂದೆಯ ಊರು, ಶಾಲೆಯ ದಾಖಲೆ. ಉಳಿದ ಚೀಟಿಗಳೆಲ್ಲ ಅವಳನ್ನು ಗಂಡನ ಹೆಸರಿನಿಂದ ಕರೆಯುತ್ತಿದ್ದರೆ, ನಾಮಪತ್ರ ಸಲ್ಲಿಸಲು ಅಥವಾ ನೌಕರಿಗೆ ಅರ್ಜಿ ಹಾಕಲು ಹೊರಟ ದಿನ ತಾನು ಯಾರ ಮಗಳೆಂದು ಮೊದಲಿಂದ ಸಾಬೀತು ಮಾಡಬೇಕಾಗುತ್ತದೆ.

ಇಂಥದೇ ಪರದಾಟದ ದೊಡ್ಡ ರೂಪ ನೆರೆರಾಜ್ಯಗಳಲ್ಲಿ ಕಂಡಿತು. 2025ರ ನವೆಂಬರ್ 4ರಿಂದ ಕೇರಳ, ತಮಿಳುನಾಡು ಸೇರಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ, ಎರಡು ದಶಕಗಳ ಹಿಂದಿನ ಪಟ್ಟಿಯಲ್ಲಿ ತಮ್ಮದೋ ತಂದೆತಾಯಿಯದೋ ಹೆಸರನ್ನು ತೋರಿಸಿ ಕೊಂಡಿ ಹಾಕಬೇಕಾಯಿತು. ಕಾಸರಗೋಡಿನ ಕನ್ನಡ ಕುಟುಂಬಗಳೂ ಈ ಪ್ರಕ್ರಿಯೆಗೆ ಒಳಪಟ್ಟವು. ಆ ಪಟ್ಟಿಯ ಕಾಲಕ್ಕೆ ಮತದಾರಳಾಗಿರದೆ, ಮುಂದೆ ಗಂಡನ ಮನೆಯಲ್ಲೇ ಮೊದಲ ಬಾರಿಗೆ ಹೆಸರು ಸೇರಿಸಿದ ಹೆಣ್ಣು ತವರಿನ ಊರಿನ ಹಳೆಯ ಪಟ್ಟಿಯಲ್ಲಿ ತಂದೆಯನ್ನು ಹುಡುಕಬೇಕಾಯಿತು. ಅವಳ ಚೀಟಿಯಲ್ಲಿದ್ದ ಗಂಡನ ಹೆಸರು ಅದಕ್ಕೆ ನೆರವಾಗಲಿಲ್ಲ.

ಜಮೀನಿನ ಪ್ರಶ್ನೆ

ಹೆಸರಿನ ಚರ್ಚೆ ನಗರದ ಹೆಂಗಸರ ಅಭಿಮಾನದ ವಿಷಯವೆಂದು ಭಾವಿಸುವವರು ಒಮ್ಮೆ ಪೌತಿ ಖಾತೆಯ ಕಡತವನ್ನು ತೆರೆದು ನೋಡಬೇಕು. ಪೌತಿ ಖಾತೆ ಎಂದರೆ ತೀರಿಕೊಂಡವರ ಹೆಸರಿನಲ್ಲಿದ್ದ ಜಮೀನನ್ನು ವಾರಸುದಾರರ ಹೆಸರಿಗೆ ದಾಖಲಿಸುವ ಕ್ರಮ; ಅದಕ್ಕೆ ಆಧಾರ ವಂಶವೃಕ್ಷ, ಅಂದರೆ ಕುಟುಂಬದ ಸದಸ್ಯರ ಪ್ರಮಾಣಿತ ಪಟ್ಟಿ. ಗಂಡುಮಕ್ಕಳ ಕಾಗದಪತ್ರಗಳೆಲ್ಲ ತಂದೆಯ ಹೆಸರಿನಿಂದ ತುಂಬಿರುವುದರಿಂದ ಅವರು ಆ ಪಟ್ಟಿಯಲ್ಲಿ ತಾವಾಗಿಯೇ ಬಂದು ಕೂರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಬೇರೆ ಊರಿಗೆ ಕೊಟ್ಟ, ಎಲ್ಲ ಚೀಟಿಗಳಲ್ಲೂ ಇನ್ನೊಬ್ಬರ ಹೆಂಡತಿಯೆಂದು ಮಾತ್ರ ನಮೂದಾದ ಮಗಳನ್ನು ಪಟ್ಟಿಯಿಂದ ಬಿಟ್ಟುಬಿಡುವುದು ಎಷ್ಟು ಸುಲಭವೋ, ಹಾಗೆ ಬಿಟ್ಟುಹೋದವಳು ತನ್ನ ಮಗಳುತನವನ್ನು ರುಜುವಾತು ಮಾಡುವುದು ಅಷ್ಟೇ ಕಷ್ಟ.

ಕಾನೂನು ಅವಳ ಪರವಾಗಿ ಬಹಳ ದೂರ ಬಂದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲುಂಟೆಂದು ಕರ್ನಾಟಕ ತನ್ನದೇ ತಿದ್ದುಪಡಿಯ ಮೂಲಕ 1994ರ ಜುಲೈ 30ರಿಂದಲೇ ಜಾರಿಗೆ ತಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಮದುವೆ ಎಂಬುದು ಮಗಳ ಹಕ್ಕನ್ನು ಕತ್ತರಿಸುವ ಗೆರೆಯಾಗಿ ಕಾನೂನಿನಲ್ಲೇ ಉಳಿದಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲ ಎಂದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಆದರೂ ಹಳ್ಳಿಗಳಲ್ಲಿ ಹೆಚ್ಚಾಗಿ ನಡೆಯುವುದು ಹಕ್ಕು ಬಿಡುಗಡೆ ಪತ್ರ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣವನ್ನೋ ಸೀರೆಯನ್ನೋ ಪಡೆದು ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಪಾಲು ಬಿಟ್ಟುಕೊಡುತ್ತಾರೆ. ತವರಿನ ಬಾಗಿಲು ಮುಚ್ಚಿಹೋಗಬಾರದೆಂಬ ಆಸೆಯೇ ಅದರ ಹಿಂದಿರುವ ನಿಜವಾದ ಒತ್ತಡ. ಆ ಪತ್ರದಲ್ಲಿ ರುಜು ಅಥವಾ ಹೆಬ್ಬೆಟ್ಟು ಹಾಕುವವಳನ್ನು ದಿವಂಗತ ಇಂಥವರ ಮಗಳು, ಇಂಥವರ ಹೆಂಡತಿ ಎಂದು ವಿವರವಾಗಿ ಬರೆಯುತ್ತಾರೆ. ಅದುವರೆಗೆ ಚೀಟಿಗಳಲ್ಲಿ ಬರಿಯ ಹೆಂಡತಿಯಾಗಿದ್ದವಳ ತಂದೆಯೂ ಗಂಡನೂ ಒಂದೇ ಸಾಲಿನಲ್ಲಿ ಸೇರುವುದು, ಮಗಳಾಗಿ ಇರುವ ಹಕ್ಕನ್ನು ಅವಳು ಬಿಟ್ಟುಕೊಡುವ ದಿನ. ಈ ಇಡೀ ವಿಷಯದಲ್ಲಿ ಇದಕ್ಕಿಂತ ಕಠೋರವಾದ ಸಂಗತಿ ಇನ್ನೊಂದಿಲ್ಲ.

ತವರಿನಲ್ಲೇ ಉಳಿದು, ತಂದೆಯ ಕುಲವನ್ನು ಮುಂದುವರಿಸುವ ಮಗಳು ಈ ಸೀಮೆಗೆ ಅಪರಿಚಿತಳೇನಲ್ಲ. ಬಳ್ಳಾರಿ, ಚಿತ್ರದುರ್ಗ ಭಾಗದಲ್ಲಿ ಗಂಡುಮಕ್ಕಳಿಲ್ಲದ ಕೆಲವು ಕುಟುಂಬಗಳು ಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುತ್ತಿದ್ದವು. ಅವಳು ಮಗನಂತೆ ಆಸ್ತಿಗೆ ಬಾಧ್ಯಳಾಗುತ್ತಿದ್ದಳು, ಅವಳ ಮಕ್ಕಳು ಅವಳ ತಂದೆಯ ಮನೆಯವರಾಗುತ್ತಿದ್ದರು. ಆದರೆ ಅದಕ್ಕಾಗಿ ಮದುವೆಯ ಬದುಕನ್ನೇ ಕಳೆದುಕೊಂಡು ಶೋಷಣೆಗೆ ಒಡ್ಡಿಕೊಳ್ಳಬೇಕಾಗಿತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಇಂಥ ಸಮರ್ಪಣೆಯನ್ನು ಅಪರಾಧವಾಗಿಸಿತು. ಮದುವೆಯಾಗಿಯೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಸಮಕ್ಕೆ ನಿಲ್ಲುವ ದಾರಿಯನ್ನು ಹಳೆಯ ವ್ಯವಸ್ಥೆ ಇಲ್ಲಿನ ಹೆಣ್ಣಿಗೆ ತೆರೆದಿರಲಿಲ್ಲ. ಅದನ್ನು ತೆರೆದದ್ದು 1994 ಮತ್ತು 2005ರ ಕಾನೂನುಗಳು. ಹೆಸರು ಬದಲಾವಣೆ ಆ ದಾರಿಗೆ ಮತ್ತೆ ಮುಳ್ಳು ಹಾಕುತ್ತದೆ.

ಗಡಿಯಾಚೆ ಇಂಟಿಪೇರು

ಮೊಳಕಾಲ್ಮುರಿನಿಂದ ರಾಯದುರ್ಗಕ್ಕೆ ಹೆಚ್ಚು ದೂರವಿಲ್ಲ. ಮಾತಿನಲ್ಲೂ ಸಂಬಂಧದಲ್ಲೂ ಕನ್ನಡ, ತೆಲುಗು ಇಲ್ಲಿ ಬೆರೆತುಹೋಗಿವೆ. ಆದರೆ ಆಂಧ್ರದ ಕಡೆ ಹೆಸರಿನ ಮುಂದೆ ಇಂಟಿಪೇರು, ಅಂದರೆ ಮನೆತನದ ಹೆಸರು, ನಿಲ್ಲುತ್ತದೆ. ಮದುವೆಯಾದ ಹೆಣ್ಣಿಗೆ ಗಂಡನ ಮನೆಯ ಇಂಟಿಪೇರು ಬರುವುದು ಅಲ್ಲಿನ ರೂಢಿ. ಈ ಕಡೆಯ ಹುಡುಗಿ ಆ ಕಡೆಗೆ ಸೊಸೆಯಾಗಿ ಹೋದರೆ ಅವಳಿಗೆ ಹುಟ್ಟಿದಾಗ ಇರದ ಮನೆತನದ ಹೆಸರೊಂದು ಸೇರಿಕೊಳ್ಳುತ್ತದೆ; ಆ ಕಡೆಯವಳು ಇಲ್ಲಿಗೆ ಬಂದರೆ ಅವಳ ಇಂಟಿಪೇರನ್ನು ಇರಿಸಲು ಇಲ್ಲಿನ ಪದ್ಧತಿಯಲ್ಲಿ ಜಾಗವೇ ಇಲ್ಲ. ಕಾಗದದಲ್ಲಿ ಹೆಸರು ಹೊಂದದಿದ್ದಾಗ ಎರಡೂ ಕಡೆ ಓಡಾಡಬೇಕಾದವಳು ಹೆಣ್ಣೇ.

ಚೌಕಟ್ಟು: ಒಂದು ನಾಡು, ಹಲವು ರೂಢಿ
ಉತ್ತರ ಕರ್ನಾಟಕದಲ್ಲಿ ಪಾಟೀಲ, ಹೊಸಮನಿ, ಬಡಿಗೇರದಂಥ ಅಡ್ಡಹೆಸರುಗಳಿವೆ. ಸೊಸೆಗೆ ಗಂಡನ ಮನೆಯದು ಸೇರುವುದು ವಾಡಿಕೆ. ಕೊಡವರಲ್ಲಿ ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ತುಳುನಾಡು ಮತ್ತು ಕಾಸರಗೋಡಿನ ಅಳಿಯಸಂತಾನದ ಸಮುದಾಯಗಳಲ್ಲಿ ಬಳಿ, ಅಂದರೆ ಕುಲದ ಕವಲು, ತಾಯಿಯಿಂದ ಮಕ್ಕಳಿಗೆ ಬರುವುದರಿಂದ ಮದುವೆ ಅದನ್ನು ಬದಲಿಸುವುದಿಲ್ಲ.

ಹೊರಗಿನ ಲೋಕದಲ್ಲೂ ಒಮ್ಮತವಿಲ್ಲ. ಫ್ರಾನ್ಸಿನಲ್ಲಿ 1794ರ ಕಾನೂನಿನ ಪ್ರಕಾರ ಯಾರ ಅಧಿಕೃತ ಹೆಸರಾದರೂ ಜನನ ಪತ್ರದಲ್ಲಿರುವುದೇ. ಕೆನಡಾದ ಕ್ವಿಬೆಕ್‌ನಲ್ಲಿ 1981ರಿಂದ ಗಂಡ ಹೆಂಡತಿ ಇಬ್ಬರೂ ಹುಟ್ಟಿನ ಹೆಸರನ್ನೇ ಉಳಿಸಿಕೊಳ್ಳುತ್ತಾರೆ. ಜಪಾನಿನಲ್ಲಿ ದಂಪತಿಗೆ ಒಂದೇ ಮನೆತನದ ಹೆಸರಿರಬೇಕೆಂಬ ನಿಯಮವನ್ನು 2015ರಲ್ಲೂ 2021ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಿಯಮ ಯಾರ ಹೆಸರೆಂದು ಹೇಳದಿದ್ದರೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜೋಡಿಗಳಲ್ಲಿ ಬದಲಿಸುವವಳು ಹೆಣ್ಣು. ಟರ್ಕಿಯ ಸಾಂವಿಧಾನಿಕ ನ್ಯಾಯಾಲಯ ಇಂಥ ಕಡ್ಡಾಯವನ್ನು 2023ರಲ್ಲಿ ರದ್ದುಗೊಳಿಸಿತು. ಚಳ್ಳಕೆರೆಗೆ ಎಲ್ಲಕ್ಕಿಂತ ಹತ್ತಿರವಾದದ್ದು ಐಸ್‌ಲ್ಯಾಂಡ್: ಅಲ್ಲೂ ಬಹುಪಾಲು ಜನರಿಗೆ ಅಡ್ಡಹೆಸರಿಲ್ಲ, ಇಂಥವರ ಮಗ, ಇಂಥವರ ಮಗಳು ಎಂಬುದೇ ಎರಡನೆಯ ಹೆಸರು. ವ್ಯತ್ಯಾಸವೆಂದರೆ, ಐಸ್‌ಲ್ಯಾಂಡಿನ ಮಗಳು ಮದುವೆಯ ನಂತರವೂ ಮಗಳೇ.

ಏನು ಮಾಡಬಹುದು?

ಗಂಡನ ಊರಿನಲ್ಲಿ ಗುರುತು ಸಿಗುವುದು ಗಂಡನ ಹೆಸರಿನಿಂದ, ಮಕ್ಕಳಿಗೂ ತಾಯಿಗೂ ಒಂದೇ ಹೆಸರಿದ್ದರೆ ಸಂಸಾರ ಒಂದಾಗಿ ಕಾಣುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಮಾತಿನ ಲೋಕದಲ್ಲಿ ತಿಪ್ಪೇಸ್ವಾಮಿ ಮನೆಯ ಓಬಮ್ಮ ಎಂದು ಕರೆಯುವುದರಲ್ಲಿ ಯಾರಿಗೂ ನಷ್ಟವಿಲ್ಲ, ಅವಳಿಗೂ ಅದು ಸಂತೋಷದ ವಿಷಯವಾಗಿರಬಹುದು. ನಷ್ಟವಾಗುವುದು ದಾಖಲೆಯಲ್ಲಿ ಒಂದು ಹೆಸರನ್ನು ಅಳಿಸಿ ಅದರ ಜಾಗಕ್ಕೆ ಇನ್ನೊಂದನ್ನು ತಂದಾಗ. ಆದುದರಿಂದ ಮದುವೆಯಾದ ಹೆಣ್ಣು ದಾಖಲೆಯ ಹೆಸರನ್ನು ಬದಲಿಸಬೇಕಾಗಿಲ್ಲ. ಈ ಸೀಮೆಯ ಬಡ ಕುಟುಂಬದ ಹೆಣ್ಣಿನ ಮಟ್ಟಿಗಂತೂ ಬದಲಿಸದಿರುವುದೇ ಕ್ಷೇಮ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಯಾವ ಹೆಸರು, ಯಾವ ಇನಿಷಿಯಲ್ ಇದೆಯೋ ಅದೇ ಆಧಾರ್, ಬ್ಯಾಂಕ್, ಪಡಿತರ ಚೀಟಿ, ಮತಪಟ್ಟಿಗಳಲ್ಲಿ ಕೊನೆಯವರೆಗೆ ಸಾಗಿಬರಬೇಕು. ಶಾಲೆಯ ಮುಖವನ್ನೇ ಕಾಣದ ಹಿರಿಯ ಹೆಂಗಸರಿಗೆ, ಮೊದಲ ಗುರುತಿನ ಚೀಟಿ ಹೇಗಿದೆಯೋ ಅದಕ್ಕೆ ಉಳಿದವನ್ನು ಹೊಂದಿಸಿಕೊಡುವ ಹೊಣೆಯನ್ನು ಕಚೇರಿಗಳೇ ಹೊರಬೇಕು. ಗಂಡನ ಹೆಸರು ಬೇಕೆಂದು ತಾನಾಗಿ ಬಯಸುವವಳಿಗೆ ಅದು ಸೇರಲಿ, ತಂದೆಯದು ಹೋಗದಂತೆ ಸೇರಲಿ.

ಇದಕ್ಕೆ ದೊಡ್ಡ ಕಾನೂನಿನ ಅಗತ್ಯವೂ ಇಲ್ಲ. ಕಂದಾಯ ಇಲಾಖೆಯಿಂದ ಸಹಕಾರ ಸಂಘದವರೆಗೆ ಅಸಂಖ್ಯ ಅರ್ಜಿಗಳಲ್ಲಿ ‘ತಂದೆ/ಗಂಡನ ಹೆಸರು’ ಎಂಬ ಒಂದೇ ಅಂಕಣವಿರುತ್ತದೆ. ಗಂಡಸಿಗೆ ಅಲ್ಲಿ ಆಯ್ಕೆಯ ಪ್ರಶ್ನೆಯೇ ಬರದು, ಹೆಂಗಸು ಇಬ್ಬರಲ್ಲಿ ಒಬ್ಬರನ್ನು ಕೈಬಿಡಬೇಕಾಗುತ್ತದೆ. ನಡುವಿನ ಆ ಓರೆಗೆರೆಯನ್ನು ತೆಗೆದು ತಾಯಿಗೊಂದು, ತಂದೆಗೊಂದು, ಗಂಡ ಅಥವಾ ಹೆಂಡತಿಗೊಂದು ಪ್ರತ್ಯೇಕ ಅಂಕಣ ಕೊಟ್ಟರೆ, ವಂಶವೃಕ್ಷ ಬರೆಯುವ ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಓಬಮ್ಮ ಪಾಲಯ್ಯನ ಮಗಳೆಂದು ತೋರಿಸಲು ಅವಳ ಪಡಿತರ ಚೀಟಿಯೇ ಸಾಕಾಗುತ್ತದೆ.